ಪಕ್ ಹುಡುಕಬೇಡಿ: ಸ್ಯಾನ್ ಹೋಸೆಯಲ್ಲಿ ಮಾವನ ಜೊತೆ ಐಸ್ ಹಾಕಿ

ನನ್ನ ಮಾವ ವಿರಾಜಪೇಟೆಯವರು. ಕಾಲೇಜಿನ ಹಾಕಿ ತಂಡದಲ್ಲಿ ಲೆಫ್ಟ್ ಹಾಫ್, ಅಂದರೆ ಎಡಬದಿಯ ನಡುಸಾಲಿನಲ್ಲಿ, ಆಡಿದವರು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದಾಗಿನಿಂದ ಬೇಸಿಗೆ ಬಂತೆಂದರೆ ಕಾಫಿ ತೋಟದ ಕೆಲಸವನ್ನೂ ಬದಿಗಿಟ್ಟು ಮೈದಾನಕ್ಕೆ ಹೋಗಿ ಕೂರುವವರು. ಕಳೆದ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಮನೆಗೆ ಬಂದಿದ್ದರು. ಗೋಲ್ಡನ್ ಗೇಟ್ ನೋಡಿದ್ದಾಯಿತು, ಲಿವರ್‌ಮೋರ್ ದೇವಸ್ಥಾನಕ್ಕೆ ಎರಡು ಸಲ ಹೋಗಿ ಬಂದಿದ್ದಾಯಿತು. ಮೂರನೇ ವಾರಕ್ಕೆ ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್ ಜಾಗದ ಕಾರು ಎಣಿಸತೊಡಗಿದರು. "ಹಾಕಿ ನೋಡೋಕೆ ಬರ್ತೀರಾ ಮಾವ?" ಅಂದೆ. "ಇಲ್ಲಿ ಯಾರು ಆಡ್ತಾರೆ?" "ಐಸ್ ಮೇಲೆ ಆಡ್ತಾರೆ." ಒಂದು ಕ್ಷಣ ಸುಮ್ಮನಿದ್ದು, "ನಡೀರಿ, ಅದನ್ನೂ ನೋಡಿಬಿಡೋಣ" ಅಂದರು.

ಅಪ್ಪ ಅಮ್ಮ ಊರಿಂದ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ತಲೆ ಕೆಡಿಸಿಕೊಳ್ಳುವ ಬೇ ಏರಿಯಾದ ಕನ್ನಡದವರಿಗೆ ಇದು ಉಪಯೋಗಕ್ಕೆ ಬರಬಹುದು. ಐಸ್ ಹಾಕಿಯ ಸೀಸನ್ ಅಕ್ಟೋಬರ್ ಹೊತ್ತಿಗೆ ಶುರುವಾಗಿ ಏಪ್ರಿಲ್ ಮಧ್ಯದವರೆಗೆ ನಡೆಯುತ್ತದೆ. ಇಲ್ಲಿನ ವೃತ್ತಿಪರ ತಂಡ ಸ್ಯಾನ್ ಹೋಸೆ ಶಾರ್ಕ್ಸ್ ತನ್ನ ಅಂಗಳವಾದ ಸ್ಯಾಪ್ ಸೆಂಟರ್ ಕ್ರೀಡಾಂಗಣದಲ್ಲೇ ನಲವತ್ತಕ್ಕೂ ಹೆಚ್ಚು ಪಂದ್ಯ ಆಡುತ್ತದೆ. ಹಾಗಾಗಿ ಈ ವಾರ ತಪ್ಪಿದರೆ ಮುಂದಿನ ವಾರ ಇದ್ದೇ ಇದೆ.

ಮೊದಲು ಟಿಕೆಟ್ ವಿಷಯ. ಇಲ್ಲಿ ನಾನೊಮ್ಮೆ ಬೆರಳು ಸುಟ್ಟುಕೊಂಡಿದ್ದೇನೆ. ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ಹೋದಾಗ ಹುಮ್ಮಸ್ಸಿನಲ್ಲಿ ರಿಂಕಿನ, ಅಂದರೆ ಐಸ್ ಅಂಗಳದ, ಸುತ್ತಲಿನ ಗಾಜಿನ ಪಕ್ಕದ ಸೀಟಿಗೇ ದುಡ್ಡು ಸುರಿದಿದ್ದೆ. ಆಟಗಾರರು ಗಾಜಿಗೆ ಬಂದು ಅಪ್ಪಳಿಸಿದಾಗ ನಮ್ಮ ಕುರ್ಚಿಯೇ ಅದುರುತ್ತಿತ್ತು, ಅದೇನೋ ಮಜವೇ. ಆದರೆ ಆಟ ಆಚೆ ತುದಿಗೆ ಹೋಯಿತೋ, ಇನ್ನೂರು ಅಡಿ ದೂರದಲ್ಲಿ ಬೆನ್ನುಗಳ ಗುಂಪು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗೋಲಾಗಿದ್ದು ಹಾರ್ನ್ ಕೇಳಿದ ಮೇಲೆ ಗೊತ್ತಾಗುತ್ತಿತ್ತು. ಅದಕ್ಕೇ ಹೇಳುವುದು, ಮೊದಲ ಸಲ ಹೋಗುವವರು ಮೇಲೆ ಕೂರಿ. ಸ್ಯಾಪ್ ಸೆಂಟರ್‌ನಲ್ಲಿ ನೂರರಿಂದ ಶುರುವಾಗುವ ಸೆಕ್ಷನ್‌ಗಳು ಕೆಳಗೆ, ಇನ್ನೂರರವು ಮೇಲೆ. ಇನ್ನೂರರಲ್ಲಿ, ರಿಂಕಿನ ಉದ್ದದ ಬದಿಗೆ, ಆದಷ್ಟು ನಡುವೆ, ಮುಂದಿನ ಸಾಲುಗಳಲ್ಲಿ ಸಿಕ್ಕರೆ ಅದೇ ಒಳ್ಳೆಯದು. ಇಡೀ ರಿಂಕ್ ಕೇರಂ ಬೋರ್ಡಿನ ಹಾಗೆ ಕಣ್ಣ ಮುಂದಿರುತ್ತದೆ. ಬೆಲೆ ಎದುರಾಳಿ ಯಾರು, ವಾರ ಯಾವುದು ಎನ್ನುವುದರ ಮೇಲೆ ಏರಿಳಿಯುತ್ತದೆ. ಶನಿವಾರ ಸಂಜೆಗಿಂತ ಮಂಗಳವಾರ ಹೋದರೆ ಜೇಬಿಗೆ ಎಷ್ಟೋ ಹಗುರ.

ಒಂದು ಎಚ್ಚರಿಕೆ. ಮೇಲಿನ ಮೆಟ್ಟಿಲು ಕಡಿದಾಗಿದೆ. ಮಂಡಿನೋವಿನವರು ಜೊತೆಗಿದ್ದರೆ ಹಿಂದಿನ ಸಾಲು ಬೇಡವೇ ಬೇಡ. ಮಾವನಿಗೆ ಎಪ್ಪತ್ತೊಂದು, ತೋಟದ ಏರು ಹತ್ತಿ ಇಳಿದ ಕಾಲು, ಆದರೂ ಕಂಬಿ ಹಿಡಿದೇ ಇಳಿದರು.

ಕಾರಿನಲ್ಲಿ ಹೋಗಬೇಡಿ ಎಂದೇ ನನ್ನ ಸಲಹೆ. ಕ್ಯಾಲ್‌ಟ್ರೇನ್‌ನ ಸ್ಯಾನ್ ಹೋಸೆ ಡಿರಿಡಾನ್ ನಿಲ್ದಾಣದಿಂದ ರಸ್ತೆ ದಾಟಿದರೆ ಸ್ಯಾಪ್ ಸೆಂಟರ್. ಸನ್ನಿವೇಲ್‌ನಿಂದ ಸುಮಾರು ಕಾಲು ಗಂಟೆ. 2024ರಲ್ಲಿ ವಿದ್ಯುತ್ ರೈಲು ಬಂದ ಮೇಲೆ ಸದ್ದೂ ಇಲ್ಲ, ಡೀಸೆಲ್ ವಾಸನೆಯೂ ಇಲ್ಲ. ವಿಟಿಎ ಎಂಬ ಸ್ಥಳೀಯ ಲೈಟ್ ರೈಲೂ ಅಲ್ಲಿಗೆ ಬರುತ್ತದೆ. ಸ್ಯಾಕ್ರಮೆಂಟೋ ಕಡೆಯಿಂದ ಬರುವವರಿಗೆ ಕ್ಯಾಪಿಟಲ್ ಕಾರಿಡಾರ್ ರೈಲು ಅದೇ ನಿಲ್ದಾಣಕ್ಕೆ ಬರುತ್ತದೆ. ವಾಪಸ್ ಬರುವ ರೈಲಿನ ಸಮಯ ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.

ಟಿಕೆಟ್ ಇರುವುದು ಫೋನಿನಲ್ಲಿ. ಮಾವ ರೈಲಿನುದ್ದಕ್ಕೂ ನನ್ನ ಫೋನಿನಲ್ಲಿ ಐಸ್ ಹಾಕಿಯ ವಿಡಿಯೋ ನೋಡುತ್ತಾ ಬಂದರು, ನಾನೂ ಕೊಟ್ಟು ಕೂತೆ. ಗೇಟಿನ ಸಾಲಿನಲ್ಲಿ ನಿಂತು ನೋಡಿದರೆ ಚಾರ್ಜ್ ಶೇಕಡಾ ನಾಲ್ಕು! ಬ್ರೈಟ್‌ನೆಸ್ ಇಳಿಸಿ, ಉಸಿರು ಬಿಗಿಹಿಡಿದು, ಹೇಗೋ ಸ್ಕ್ಯಾನ್ ಮಾಡಿಸಿ ಒಳಗೆ ನುಸುಳಿದೆವು. ಟಿಕೆಟನ್ನು ಮೊದಲೇ ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ, ಪವರ್ ಬ್ಯಾಂಕ್ ಜೇಬಿನಲ್ಲಿರಲಿ. ಚೀಲದ ಅಳತೆಗೆ ಮಿತಿ ಇದೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿ. ಚಕ್ಕುಲಿ, ಕೋಡುಬಳೆ ಮನೆಯಲ್ಲೇ ಇರಲಿ.

ಒಳಗಿನ ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ಫ್ರೈಸ್, ಚೀಸ್ ಪಿಜ್ಜಾ, ಇಷ್ಟೇ. ದುಡ್ಡು ಕೇಳಿದರೆ ಮಾವನಂಥವರು ಡಾಲರನ್ನು ರೂಪಾಯಿಗೆ ಗುಣಿಸಿ ಉಪವಾಸ ಕೂರುತ್ತಾರೆ. ಮನೆಯಲ್ಲೇ ಅನ್ನ ಸಾರು ಉಂಡು ಹೊರಡುವುದು ಒಳ್ಳೆಯದು. ಇಲ್ಲದಿದ್ದರೆ ಹತ್ತು ನಿಮಿಷ ನಡೆದರೆ ಸ್ಯಾನ್ ಪೆಡ್ರೋ ಸ್ಕ್ವೇರ್ ಇದೆ, ಅಲ್ಲಿ ಬಗೆಬಗೆಯದು ಸಿಗುತ್ತದೆ.

ಚಳಿ? ಹೆದರಿದಷ್ಟಿಲ್ಲ. ಮಾವನಿಗೆ ಮಂಕಿ ಕ್ಯಾಪ್, ಶಾಲು, ಎರಡು ಸ್ವೆಟರ್ ಹಾಕಿಸಿ ಕರೆದೊಯ್ದಿದ್ದೆವು. ಮೇಲಿನ ಸೀಟಿನಲ್ಲಿ ಕೂತ ಹತ್ತೇ ನಿಮಿಷಕ್ಕೆ ಒಂದೊಂದಾಗಿ ಕಳಚಿದರು. ಮಡಿಕೇರಿಯ ಡಿಸೆಂಬರ್ ಸಂಜೆಯಷ್ಟೂ ಇಲ್ಲ. ಕೆಳಗೆ ಐಸ್ ಪಕ್ಕ ಕೂರುವವರಿಗೆ ಮಾತ್ರ ದಪ್ಪ ಜಾಕೆಟ್ ಬೇಕು. ಬಣ್ಣದ ವಿಷಯಕ್ಕೆ ಬಂದರೆ, ಶಾರ್ಕ್ಸ್‌ನವರದು ಟೀಲ್, ಅಂದರೆ ನವಿಲಿನ ಕೊರಳಿನ ಹಸಿರು-ನೀಲಿ. ಅಂಗಡಿಯ ಜೆರ್ಸಿ ದುಬಾರಿ. ಆ ಬಣ್ಣದ್ದೊಂದು ಹಳೆ ಟೀ ಶರ್ಟ್ ಇದ್ದರೆ ಸಾಕು, ಅಕ್ಕಪಕ್ಕದವರು ತಮ್ಮವರೆಂದೇ ಮಾತಾಡಿಸುತ್ತಾರೆ.

ಆಟ ಶುರುವಾಗುವ ಒಂದು ಗಂಟೆ ಮೊದಲೇ ಒಳಗಿರಿ, ಇದನ್ನು ಮಾತ್ರ ತಪ್ಪಿಸಬೇಡಿ. ಸುಮಾರು ಅರ್ಧ ಗಂಟೆ ಮೊದಲು ಎರಡೂ ತಂಡ ಅಭ್ಯಾಸಕ್ಕೆ ಇಳಿಯುತ್ತವೆ. ಆಗ ಮೇಲಿನ ಟಿಕೆಟಿನವರಾದ ನಮ್ಮನ್ನೂ ಗಾಜಿನ ತನಕ ಬಿಟ್ಟರು, ನೀವೂ ಕೇಳಿ ನೋಡಿ. ಗಾಜಿನ ಪಕ್ಕದ ಸೀಟಿನ ಮಜವೆಲ್ಲ ಆ ಹದಿನೈದು ನಿಮಿಷದಲ್ಲಿ ಪುಕ್ಕಟೆ ಸಿಗುತ್ತದೆ. ಸ್ಕೇಟಿನ ಅಲಗು ಐಸ್ ಕೆರೆಯುವ ಸದ್ದಿದೆಯಲ್ಲ, ಕತ್ತಿ ಮಸೆದ ಹಾಗೆ ಕರ್ರ್ ಎನ್ನುವುದು, ಅದು ಟೀವಿಯಲ್ಲಿ ಎಂದೂ ಹೀಗೆ ಕೇಳಿಲ್ಲ. ಮಾವ ನೋಡುತ್ತಿದ್ದುದು ಸ್ಟಿಕ್ಕನ್ನು. "ಎರಡೂ ಬದಿಯಲ್ಲಿ ಹೊಡೀತಾರಲ್ರೀ!" ಎಂದು ನನ್ನ ತೋಳು ಹಿಡಿದರು. ನಮ್ಮ ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಲ್ಲಿ ಮಾತ್ರ ಆಡಬೇಕು, ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಇಲ್ಲಿ ಎರಡೂ ಬದಿ ಆಡಬಹುದು, ಎಡಗೈ ಸ್ಟಿಕ್ ಬಲಗೈ ಸ್ಟಿಕ್ ಬೇರೆ ಬೇರೆ. ಐವತ್ತು ವರ್ಷ ಒಂದೇ ಬದಿಯಲ್ಲಿ ಆಡಿದವರಿಗೆ ಅದು ಅನ್ಯಾಯದಂತೆ ಕಂಡಿರಬೇಕು.

ಆಮೇಲೆ ದೀಪ ಆರುತ್ತದೆ. ಛಾವಣಿಯಿಂದ ಹದಿನೇಳು ಅಡಿಯ ಶಾರ್ಕ್ ತಲೆಯೊಂದು ಕಣ್ಣು ಕೆಂಪಗೆ ಹೊಳೆಸುತ್ತಾ, ಹೊಗೆ ಉಗುಳುತ್ತಾ ಕೆಳಗಿಳಿದು, ಅದರ ಬಾಯಿಂದ ಆಟಗಾರರು ಒಬ್ಬೊಬ್ಬರಾಗಿ ಜಾರಿಬರುತ್ತಾರೆ. ಯಕ್ಷಗಾನದಲ್ಲಿ ರಾಕ್ಷಸ ವೇಷದ ಪ್ರವೇಶ ನೋಡಿದವರಿಗೆ ಅಬ್ಬರ ಹೊಸದಲ್ಲ, ಆದರೂ ಹದಿನೇಳು ಸಾವಿರ ಜನ ಒಟ್ಟಿಗೆ ಕಿರುಚಿದರೆ ಎದೆಯೊಳಗೆ ಏನೋ ಆಗುತ್ತದೆ. ಸಣ್ಣ ಮಕ್ಕಳಿದ್ದರೆ ಕಿವಿಗೆ ಹೆಡ್‌ಫೋನ್ ಕಟ್ಟಿ. ಅಂದು ಎದುರಾಳಿ ಕೆನಡಾದ ತಂಡ, ಹಾಗಾಗಿ ಎರಡೂ ದೇಶದ ರಾಷ್ಟ್ರಗೀತೆ ಹಾಡಿದರು. ಟೋಪಿ ತೆಗೆದು ಎದ್ದು ನಿಲ್ಲಬೇಕು. ಮಾವ ಮಂಕಿ ಕ್ಯಾಪ್ ಎಳೆದು ಅಟೆನ್ಷನ್‌ನಲ್ಲಿ ನಿಂತರು.

ಇನ್ನು ಆಟ. ಮೊದಲ ಐದು ನಿಮಿಷ ಮಾವನಿಗೆ ಸಿಟ್ಟೇ ಬಂತು. "ಚೆಂಡೆಲ್ಲಿ? ಚೆಂಡೆಲ್ಲಿ?" ಪಕ್ ಎಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯದಿರಲೆಂದು ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿರುತ್ತಾರೆ. ಅದರ ಹಿಂದೆ ಕಣ್ಣು ಓಡಿಸಿದರೆ ತಲೆನೋವು ಬರುವುದು ಖಂಡಿತ. ಪಕ್ ಹುಡುಕಬೇಡಿ, ಜನರನ್ನು ನೋಡಿ. ಯಾರು ಯಾವ ಕಡೆ ತಿರುಗುತ್ತಿದ್ದಾರೆ, ಖಾಲಿ ಜಾಗ ಎಲ್ಲಿದೆ, ಗೋಲಿ, ಅಂದರೆ ಗೋಲ್ ಕೀಪರ್, ಎಲ್ಲಿಗೆ ಸರಿಯುತ್ತಿದ್ದಾನೆ, ಅಷ್ಟು ನೋಡುತ್ತಿದ್ದರೆ ಪಕ್ ತಾನಾಗಿ ಕಾಣುತ್ತದೆ. ಇದನ್ನು ಹೇಳಿಕೊಟ್ಟಿದ್ದು ನಾನಲ್ಲ, ಮಾವನೇ. ಆರನೇ ನಿಮಿಷಕ್ಕೆ ಸುಮ್ಮನಾದರು. ಹತ್ತನೇ ನಿಮಿಷಕ್ಕೆ "ಎಡಗಡೆ ಬಿಟ್ಟಿದಾನೆ ನೋಡಿ, ಅಲ್ಲಿಗೆ ಕೊಡ್ತಾನೆ ಈಗ" ಅಂದರು. ಅಲ್ಲಿಗೇ ಕೊಟ್ಟ! ಹಾಫ್ ಆಡಿದವರ ಕಣ್ಣು ಬೇರೆಯೇ.

ಅಷ್ಟಿಷ್ಟು ನಿಯಮ ಗೊತ್ತಿದ್ದರೆ ಸಾಕು. ಇಪ್ಪತ್ತು ನಿಮಿಷದ ಮೂರು ಪೀರಿಯಡ್, ಸೀಟಿ ಊದಿದಾಗೆಲ್ಲ ಗಡಿಯಾರ ನಿಲ್ಲುವುದರಿಂದ ಒಟ್ಟು ಎರಡೂವರೆ ಗಂಟೆ ಹಿಡಿಯುತ್ತದೆ. ಒಂದು ತಂಡಕ್ಕೆ ಗೋಲಿ ಸೇರಿ ಆರು ಮಂದಿ. ಮುಕ್ಕಾಲು ನಿಮಿಷ ಆಡಿದರೆ ಏದುಸಿರು, ಆಟ ನಡೆಯುತ್ತಿರುವಾಗಲೇ ಬೇಲಿ ಹಾರಿ ಒಬ್ಬ ಒಳಗೆ, ಒಬ್ಬ ಹೊರಗೆ. ಪಕ್‌ಗಿಂತ ಮೊದಲು ಆಕ್ರಮಣದ ಆಟಗಾರ ಎದುರಾಳಿಯ ಕಡೆಯ ನೀಲಿ ಗೆರೆ ದಾಟಿದರೆ ಆಫ್‌ಸೈಡ್. ನಮ್ಮ ಹಾಕಿ ತೊಂಬತ್ತರ ದಶಕದಲ್ಲೇ ಆಫ್‌ಸೈಡ್ ಕೈಬಿಟ್ಟಿತು, ಮಾವ ಮಾತ್ರ ಅದು ಇರುವಾಗಲೇ ಆಡಿದವರು, ಥಟ್ಟನೆ ಹಿಡಿದರು. ಅರ್ಧಗೆರೆಯ ಈಚೆಯಿಂದಲೇ ಸುಮ್ಮನೆ ಬೀಸಿ ಎದುರಾಳಿಯ ಗೋಲ್‌ಲೈನ್ ದಾಟಿಸಿದರೆ ಐಸಿಂಗ್, ಪಕ್ ವಾಪಸ್ ಬೀಸಿದವರ ತುದಿಗೇ. ಕಾಲಿಗೆ ಸ್ಟಿಕ್ ಕೊಟ್ಟು ಬೀಳಿಸಿದರೆ ಎರಡು ನಿಮಿಷ ಪೆನಾಲ್ಟಿ ಬಾಕ್ಸ್. "ಗ್ರೀನ್ ಕಾರ್ಡ್" ಅಂದರು ಮಾವ. ಸರಿಯೇ, ನಮ್ಮಲ್ಲೂ ಅದಕ್ಕೆ ಎರಡು ನಿಮಿಷ. ಒಂದೇ ವ್ಯತ್ಯಾಸ, ಇಲ್ಲಿ ಅಷ್ಟರೊಳಗೆ ಎದುರಾಳಿ ಗೋಲು ಹೊಡೆದರೆ ಶಿಕ್ಷೆ ಅಲ್ಲಿಗೇ ಮುಗಿಯುತ್ತದೆ. ಎದುರಾಳಿಯ ಒಬ್ಬ ಕಡಿಮೆಯಿರುವ ಈ ಹೊತ್ತಿನಲ್ಲಿ ಇಡೀ ಸ್ಟೇಡಿಯಂ ಎರಡು ಕೈ ಚಾಚಿ ಶಾರ್ಕ್ ಬಾಯಿಯಂತೆ ಕಚ್ಚುವ ಅಭಿನಯ ಮಾಡುತ್ತದೆ. ನಾಚಿಕೆ ಬಿಟ್ಟು ನೀವೂ ಮಾಡಿ.

ಆಟ ನಡೆಯುತ್ತಿರುವಾಗ ಏಳಬಾರದು, ಇಲ್ಲಿನ ದೊಡ್ಡ ಮರ್ಯಾದೆ ಇದು. ಶೌಚಾಲಯಕ್ಕೆ ಹೋಗಿ ಬಂದ ನನ್ನನ್ನು ಮೆಟ್ಟಿಲ ಬುಡದಲ್ಲೇ ನಿಲ್ಲಿಸಿದರು. ಸೀಟಿ ಊದಿದ ಮೇಲೆಯೇ ಸೀಟಿಗೆ ಬಿಟ್ಟರು. ಮೊದಲು ಮುಜುಗರವಾಯಿತು, ಆಮೇಲೆ ನನ್ನ ಮುಂದೆ ಯಾರೋ ನಾಚೋಸ್ ತಟ್ಟೆ ಹಿಡಿದು ನಿಂತಾಗಲೇ ಆಟ ಹರಿದಾಡಿತು ನೋಡಿ, ನಿಯಮ ಎಷ್ಟು ಸರಿ ಅನ್ನಿಸಿತು. ಕೆಳಗೆ ಕೂರುವವರು ಪಕ್ ಕಡೆ ಗಮನವಿಡಿ, ಫೋನಿನಲ್ಲಿ ಮುಳುಗಬೇಡಿ. 2002ರಲ್ಲಿ ಕೊಲಂಬಸ್‌ನಲ್ಲಿ ಪಕ್ ತಗುಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಗೋಲಿನ ಹಿಂದೆ ಈಗ ಎಲ್ಲೆಡೆ ಎತ್ತರದ ಬಲೆ ಕಾಣುವುದು ಆ ಕಾರಣಕ್ಕೆ.

ಎರಡನೇ ಪೀರಿಯಡ್‌ನಲ್ಲಿ ಹೊಡೆದಾಟವೂ ಆಯಿತು. ಇಬ್ಬರು ಕೈಗವಸು ಕಿತ್ತೆಸೆದು ಗುದ್ದಾಡಿದರು. ಒಬ್ಬ ಕೆಳಗೆ ಬೀಳುವ ತನಕ ಅಂಪೈರುಗಳು ಸುತ್ತ ನಿಂತು ನೋಡಿ, ಆಮೇಲೆ ಬಿಡಿಸಿ ಇಬ್ಬರಿಗೂ ಐದೈದು ನಿಮಿಷ ಕೊಟ್ಟರು. ಮಾವನಿಗೆ ಆಘಾತವಾದೀತೆಂದು ಓರೆಗಣ್ಣಲ್ಲಿ ನೋಡಿದೆ. "ನಮ್ಮ ಕಡೆ ಇದು ಪಂದ್ಯ ಮುಗಿದ ಮೇಲೆ" ಅಂದರು, ಅಷ್ಟೇ.

ಅವರು ಮೈಮರೆತು ನೋಡಿದ್ದು ಇದ್ಯಾವುದನ್ನೂ ಅಲ್ಲ, ವಿರಾಮದಲ್ಲಿ ಬರುವ ಜಾಂಬೋನಿ ಯಂತ್ರವನ್ನು. ಫ್ರಾಂಕ್ ಜಾಂಬೋನಿ ಎನ್ನುವವರು 1949ರಲ್ಲಿ ಇದೇ ಕ್ಯಾಲಿಫೋರ್ನಿಯಾದ ದಕ್ಷಿಣದ ಪ್ಯಾರಮೌಂಟ್ ಊರಿನಲ್ಲಿ ಮಾಡಿದ್ದು. ಗೀರುಬಿದ್ದ ಐಸನ್ನು ತೆಳ್ಳಗೆ ಹೆರೆದು, ತೊಳೆದು, ಹಿಂದಿನಿಂದ ಒದ್ದೆ ಬಟ್ಟೆಯಲ್ಲಿ ಬಿಸಿನೀರು ಎಳೆಯುತ್ತದೆ. ಬಿಸಿನೀರು ಮೇಲ್ಪದರವನ್ನು ಒಂಚೂರು ಕರಗಿಸಿ ಬೆಸೆದು ಹೆಪ್ಪುಗಟ್ಟುತ್ತದೆ, ತಣ್ಣೀರಾದರೆ ಅಷ್ಟು ನುಣುಪು ಬರದು. ಯಂತ್ರ ಹೋದ ದಾರಿಯುದ್ದಕ್ಕೂ ಛಾವಣಿಯ ದೀಪಗಳು ಕನ್ನಡಿಯಲ್ಲಿ ಕಂಡಂತೆ ಮೂಡಿದವು. "ಕಣ ಸಾರಿಸಿದ ಹಾಗೆ" ಎಂದರು ಮಾವ. ಸುತ್ತಿನ ಮೇಲೆ ಸುತ್ತು, ಒಂದು ಅಂಗುಲವೂ ಬಿಡದೆ ಸಾರಿಸುವುದನ್ನು ನೋಡುತ್ತಾ ಹದಿನೈದು ಡಾಲರಿನ ಪಾಪ್‌ಕಾರ್ನ್ ತಿನ್ನುವುದನ್ನೂ ಮರೆತರು. ಶೌಚಾಲಯಕ್ಕೆ ಹೋಗುವವರು ಆ ಹೊತ್ತಿಗೆ ಹೋಗಬೇಡಿ. ಯಂತ್ರವನ್ನೂ ನೋಡುವುದು ತಪ್ಪುತ್ತದೆ, ಸಾಲೂ ಉದ್ದ. ಪೀರಿಯಡ್ ಮುಗಿಯಲು ಎರಡು ನಿಮಿಷ ಇರುವಾಗ, ಸೀಟಿ ಊದಿದೊಡನೆ ಎದ್ದುಬಿಡಿ.

ಪಂದ್ಯ ಎರಡು-ಎರಡರಲ್ಲಿ ನಿಂತು ಓವರ್‌ಟೈಮ್‌ಗೆ ಹೋಯಿತು. ಐದು ನಿಮಿಷ, ಮೂರು ಮೂರೇ ಜನ, ಮೊದಲು ಗೋಲು ಹೊಡೆದವರು ಗೆದ್ದರು. ನಮ್ಮವರು ಸೋತರು. ಓವರ್‌ಟೈಮ್‌ನಲ್ಲಿ ಸೋತವರಿಗೂ ಒಂದು ಪಾಯಿಂಟ್ ಇದೆಯೆಂದು ಸಮಾಧಾನ ಹೇಳಿದೆ. "ಸೋತ ಮೇಲೆ ಪಾಯಿಂಟ್ ಯಾಕ್ರೀ?" ಅಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಹೊರಬರುವಾಗ ಅಂಗಡಿಯಲ್ಲಿ ಒಂದು ಪಕ್ ಕೊಂಡೆವು. ನೆನಪಿಗೆ ಅದಕ್ಕಿಂತ ಅಗ್ಗದ್ದು ಅಲ್ಲಿ ಕಾಣಲಿಲ್ಲ. ಡಿರಿಡಾನ್ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತಾ ಮಾವ ಅದನ್ನು ಅಂಗೈಯಲ್ಲಿಟ್ಟು ತೂಗಿ ತೂಗಿ ನೋಡಿದರು. "ನಮ್ಮ ಚೆಂಡಿನಷ್ಟೇ ಇದೆ." ಮನೆಗೆ ಬಂದು ನೋಡಿದರೆ ಹೌದು, ಹಾಕಿ ಚೆಂಡು 156ರಿಂದ 163 ಗ್ರಾಂ, ಪಕ್ 156ರಿಂದ 170.

ಪುಟ್ಟ ಮಕ್ಕಳಿರುವವರು, ಖರ್ಚು ಜಾಸ್ತಿ ಅನ್ನಿಸಿದವರು ಇನ್ನೊಂದು ನೆನಪಿಡಿ. ಶಾರ್ಕ್ಸ್‌ನ ಕೆಳಹಂತದ ತಂಡ ಬ್ಯಾರಕುಡಾ ಅದೇ ಊರಿನ ಟೆಕ್ ಸಿಯು ಅರೀನಾದಲ್ಲಿ ಆಡುತ್ತದೆ. 2022ರಲ್ಲಿ ತೆರೆದದ್ದು, ನಾಲ್ಕು ಸಾವಿರ ಚಿಲ್ಲರೆ ಸೀಟು, ಎಲ್ಲಿ ಕೂತರೂ ಐಸ್ ಹತ್ತಿರ. ಅವರೂ ವೃತ್ತಿಪರರೇ, ನಾಳೆ ಮೇಲಿನ ತಂಡಕ್ಕೆ ಹೋಗುವ ಹುಡುಗರು. ಮುಂದಿನ ಸಲ ಅಲ್ಲಿಗೆ ಹೋಗೋಣವೆಂದು ಮಾವನಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ. ಟಿಕೆಟ್ ಎಷ್ಟು, ದೂರ ಎಷ್ಟು, ಏನೂ ಕೇಳಲಿಲ್ಲ. "ಅಲ್ಲೂ ಆ ಸಾರಿಸೋ ಗಾಡಿ ಬರುತ್ತಲ್ವಾ?" ಅಂದರು.