ಬರೋಲೋ ಗುಡ್ಡದಲ್ಲಿ ಬೋರ್ಡೋ ಮದ್ದು

ನಾನು ಶಿರಸಿ ಕಡೆಯ ಅಡಿಕೆ ತೋಟದವನು. ವೈನ್ ವಿಷಯದಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೆ. ತಂಗಿಯ ಮಗ ಟೊರಿನೋದಲ್ಲಿ ಓದುತ್ತಿದ್ದಾನೆ. ಅವನನ್ನು ನೋಡಲು ಹೋದಾಗ, "ಮಾವ, ಲಾಂಗೆ ಗುಡ್ಡಕ್ಕೆ ಹೋಗಿ ಬರೋಣ, ನಿನಗೆ ಇಷ್ಟ ಆಗ್ತದೆ" ಎಂದು ಹಟ ಹಿಡಿದು ಕಾರು ಬಾಡಿಗೆಗೆ ತಂದ. ಇಟಲಿಯ ದ್ರಾಕ್ಷಿ ನಾಡು ಎಂದರೆ ನಮ್ಮವರು ಟಸ್ಕನಿಗೆ ಓಡುತ್ತಾರೆ. ಇದು ಪೀಡ್‌ಮಾಂಟ್ ಸೀಮೆ. ಹೆಸರು ಕೇಳಿರದವರ ಮನೆಯಲ್ಲೂ ನುಟೆಲ್ಲಾ ಡಬ್ಬಿ ಇರುತ್ತದೆ, ಅಲ್ವಾ? ಅದನ್ನು ಮಾಡುವ ಫೆರೆರೋ ಕಂಪನಿ ಹುಟ್ಟಿದ್ದು ಇಲ್ಲಿಯ ಆಲ್ಬಾ ಪಟ್ಟಣದಲ್ಲಿ, 1946ರಲ್ಲಿ. ಬಿಸಿಲು ಬೀಳುವ ಇಳಿಜಾರಿಗೆಲ್ಲ ದ್ರಾಕ್ಷಿ, ಉಳಿದ ಕಡೆ ಹೇಝಲ್‌ನಟ್ ಗಿಡ. ದಾರಿಯುದ್ದಕ್ಕೂ ಇದೇ.

ಲಾ ಮೊರಾ ಊರು ಗುಡ್ಡದ ನೆತ್ತಿಯ ಮೇಲಿದೆ, ಸುಮಾರು 500 ಮೀಟರ್ ಎತ್ತರದಲ್ಲಿ. ಅಲ್ಲಿಯ ಕಟ್ಟೆಯ ಮೇಲೆ ನಿಂತರೆ ಸುತ್ತಲಿನ ಊರುಗಳೆಲ್ಲ ಕಾಣುತ್ತವೆ. ಪ್ರತಿ ಗುಡ್ಡಕ್ಕೂ ಒಂದು ಊರು, ಊರಿಗೊಂದು ಕೋಟೆಯೋ ಗಂಟೆ ಗೋಪುರವೋ. ನಾವು ಹೋದದ್ದು ಅಕ್ಟೋಬರಿನಲ್ಲಿ. ಕಣಿವೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಯುನೆಸ್ಕೋ ಈ ಪ್ರದೇಶವನ್ನು 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪಕ್ಕದಲ್ಲಿದ್ದವರೆಲ್ಲ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ ಇಷ್ಟು ಕಡಿದಾದ ಇಳಿಜಾರಿನಲ್ಲಿ ಮಣ್ಣು ಹೇಗೆ ನಿಂತಿದೆ, ಕೆಲಸಕ್ಕೆ ಯಾರು ಬರುತ್ತಾರೆ ಎನ್ನುವುದೇ ಯೋಚನೆ. ತೋಟದವರ ಹಣೆಬರಹ.

ಕಾರು ಅಲ್ಲೇ ಬಿಟ್ಟು ತೋಟಗಳ ನಡುವಿನ ಕಾಲುದಾರಿ ಹಿಡಿದು ಬರೋಲೋ ಊರಿಗೆ ಇಳಿದೆವು. ಇಲ್ಲಿಯ ಕೆಂಪು ವೈನಿಗೂ ಅದೇ ಹೆಸರು. ನೆಬ್ಬಿಯೋಲೋ ಎಂಬ ತಳಿ ಇಲ್ಲಿಯ ರಾಜ. ಎಲ್ಲಕ್ಕಿಂತ ಮೊದಲು ಚಿಗುರುತ್ತದೆ, ಎಲ್ಲಕ್ಕಿಂತ ಕೊನೆಗೆ ಹಣ್ಣಾಗುತ್ತದೆ. ಅಂದರೆ ಮಳೆ, ಆಲಿಕಲ್ಲು, ರೋಗ ಎಲ್ಲಕ್ಕೂ ಜಾಸ್ತಿ ದಿನ ಸಿಕ್ಕಿಬೀಳುವುದು ಇದೇ. ಕೊಯ್ಲು ನಡೆದಿತ್ತು. ಯಂತ್ರ ಇಲ್ಲ, ಎಲ್ಲ ಕೈಕೆಲಸ. ಒಬ್ಬಾತ ಗೊಂಚಲನ್ನು ಅಂಗೈಯಲ್ಲಿ ಹಿಡಿದು, ಕೊಳೆತ ಕಾಳುಗಳನ್ನು ಕತ್ತರಿಯ ತುದಿಯಿಂದ ಉದುರಿಸಿ, ಆಮೇಲೆ ಪ್ಲಾಸ್ಟಿಕ್ ಕ್ರೇಟಿಗೆ ಇಡುತ್ತಿದ್ದ. ಎಸೆಯುತ್ತಿರಲಿಲ್ಲ, ಇಡುತ್ತಿದ್ದ. ಮಾತಾಡಿಸಿದರೆ ಅವನು ಇಟಲಿಯವನೇ ಅಲ್ಲ, ಉತ್ತರ ಮೆಸಿಡೋನಿಯಾದವನು. ಊರ ಹುಡುಗರು ತೋಟಕ್ಕೆ ಇಳಿಯುವುದಿಲ್ಲವಂತೆ. ಈ ಮಾತು ಕೇಳಲು ಇಷ್ಟು ದೂರ ಬರಬೇಕಿರಲಿಲ್ಲ!

ದಾರಿಯಲ್ಲಿ ಬ್ರುನಾತೆ ಎಂಬ ತೋಟದ ನಡುವೆ ಕೆಂಪು, ಹಳದಿ, ನೀಲಿ ಬಳಿದ ಪುಟ್ಟ ಪ್ರಾರ್ಥನಾ ಮಂದಿರವಿದೆ. 1999ರಲ್ಲಿ ಸೋಲ್ ಲೆವಿಟ್ ಮತ್ತು ಡೇವಿಡ್ ಟ್ರೆಮ್ಲೆಟ್ ಎಂಬ ಕಲಾವಿದರು ಅದಕ್ಕೆ ಬಣ್ಣ ಕೊಟ್ಟರು. ಎಲ್ಲರೂ ನೋಡಲು ಬರುವುದು ಅದನ್ನೇ. ಆದರೆ 1914ರಲ್ಲಿ ಕಟ್ಟಿದ ಮೇಲೆ ಅದರಲ್ಲಿ ಪೂಜೆ ನಡೆದದ್ದೇ ಇಲ್ಲ. ಮಳೆ, ಆಲಿಕಲ್ಲು ಬಂದಾಗ ಕೆಲಸದವರು ಒಳಗೆ ನುಗ್ಗುತ್ತಿದ್ದರು, ಅಷ್ಟೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತೋಟದ ಮಾಳ.

ಅಲ್ಲಿಂದ ಸ್ವಲ್ಪ ಕೆಳಗೆ ಒಂದು ಹಳೇ ಮನೆ. ಗೋಡೆಗೆ ಬಳ್ಳಿ ಹಬ್ಬಿಸಿದ್ದರು. ಬಳ್ಳಿಯ ಹಿಂದೆ ಗೋಡೆಯ ತುಂಬ ತಿಳಿನೀಲಿ ಕಲೆ. ನೋಡಿದ ಕೂಡಲೇ ಗೊತ್ತಾಯಿತು. ಮೈಲುತುತ್ತು, ಸುಣ್ಣ! ಬೋರ್ಡೋ ಮದ್ದು! ಮಳೆಗಾಲ ಬಂತೆಂದರೆ ನಮ್ಮ ಅಂಗಳದ ಡ್ರಮ್ಮು, ಕೆಲಸದವರ ಅಂಗಿ, ಬಾವಿಕಟ್ಟೆ ಎಲ್ಲವೂ ಇದೇ ಬಣ್ಣ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಈ ಮದ್ದು ಹುಟ್ಟಿದ್ದೇ ದ್ರಾಕ್ಷಿಗಾಗಿ, ಫ್ರಾನ್ಸಿನ ಬೋರ್ಡೋದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗೆ ನೀಲಿ ನೀರು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬರದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರ್ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಅದನ್ನು ಮೈಸೂರು ಸಂಸ್ಥಾನದ ಅಡಿಕೆ ಮರಕ್ಕೆ ಹತ್ತಿಸಿದ್ದು ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ. ಅಲ್ಲಿಯವರೆಗೆ ಗೊನೆಗೆ ಕರಡದ, ಅಂದರೆ ಒಣಹುಲ್ಲಿನ, ಕೊಟ್ಟೆ ಕಟ್ಟುವುದೊಂದೇ ಉಪಾಯ.

ಬರೋಲೋದಲ್ಲಿ ಒಂದು ಸಣ್ಣ ವೈನ್ ಮನೆಗೆ ಹೋದೆವು. ನೆಲಮಾಳಿಗೆಯಲ್ಲಿ ಆಳೆತ್ತರದ ಓಕ್ ಪೀಪಾಯಿಗಳು. ಕೊಯ್ಲಾದ ಮೇಲೆ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳಾದರೂ ಮರದ ಪೀಪಾಯಿಯಲ್ಲಿ ಇರಲೇಬೇಕು. ಆಗ ಮಾತ್ರ ಬಾಟಲಿಯ ಮೇಲೆ ಬರೋಲೋ ಎಂದು ಬರೆಯಬಹುದು. ಈ ಪೀಪಾಯಿಗಳಿಗಾಗಿ ಮನೆಮನೆಯಲ್ಲಿ ಜಗಳ ಆಗಿದೆ. 1983ರಲ್ಲಿ ಲಾ ಮೊರಾದ ಎಲಿಯೊ ಅಲ್ತಾರೆ ಎಂಬವರು ಫ್ರಾನ್ಸಿನ ಸಣ್ಣ ಪೀಪಾಯಿ ತರಬೇಕೆಂದು ಅಪ್ಪನ ಹಳೇ ದೊಡ್ಡ ಪೀಪಾಯಿಗಳನ್ನು ಚೈನ್ ಸಾ ಹಿಡಿದು ಕೊಯ್ದೇಬಿಟ್ಟರು. ಅಪ್ಪ ಮಗನಿಗೆ ಆಸ್ತಿ ಕೊಡಲಿಲ್ಲ. ಇದನ್ನು ಹೇಳುವಾಗ ಮಾಲೀಕ ಅಜ್ಜ ನಗುತ್ತಿದ್ದರು. ಅವರ ಮಗ ನಗಲಿಲ್ಲ.

ವೈನ್ ಬಣ್ಣ ಮಸುಕು ಇಟ್ಟಿಗೆ ಕೆಂಪು. ಒಂದು ಗುಟುಕಿಗೆ ಎಳೆ ಅಡಿಕೆ ಜಗಿದಂತೆ ಬಾಯೆಲ್ಲ ಒಗರು. ಅಳಿಯ "ಹೇಗಿದೆ?" ಎಂದ. "ಇರಲಿ, ಇನ್ನೊಂದು ಸಲ ನೋಡುವ" ಎಂದೆ. ಜೊತೆಗೆ ಕೊಟ್ಟ ಹೇಝಲ್‌ನಟ್ ಕೇಕಿಗೆ ಮಾತ್ರ ಯಾವ ತಕರಾರೂ ಇಲ್ಲ.

ಮದ್ದಿನ ಮಾತು ತೆಗೆದ ಮೇಲೆ ಅಜ್ಜನ ವರಸೆಯೇ ಬದಲಾಯಿತು. ಅಳಿಯ ಇಟಾಲಿಯನ್‌ನಲ್ಲಿ ಹೇಳಿ ಹೇಳಿ ಸುಸ್ತಾದ. ಮೈಲುತುತ್ತಿನಲ್ಲಿ ಇರುವುದು ತಾಮ್ರ, ಅಲ್ಲಿ ಅದನ್ನು ಬೇಕಾದಷ್ಟು ಹೊಡೆಯುವ ಹಾಗಿಲ್ಲ. ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕೆ.ಜಿ. ತಾಮ್ರ, ಅದಕ್ಕಿಂತ ಜಾಸ್ತಿ ಹಾಕಬಾರದು. ಯುರೋಪಿಯನ್ ಒಕ್ಕೂಟದ ಕಾನೂನು. ಮಳೆ ಹಿಡಿದ ವರ್ಷ ಏನು ಮಾಡುವುದು ಎಂದು ಅಜ್ಜ ಬೈದುಕೊಂಡರು. ನಾನು ಮೊಬೈಲಿನಲ್ಲಿ ನಮ್ಮ ತೋಟದ ವಿಡಿಯೋ ತೋರಿಸಿದೆ. ಮರದ ತುದಿಯಲ್ಲಿ ಕೂತು ಒಂದು ಕೈಯಲ್ಲಿ ಪೈಪು ಹಿಡಿದು ಮದ್ದು ಹೊಡೆಯುವುದನ್ನು ಕಂಡು ಮಗನನ್ನು ಕೂಗಿ ಕರೆದರು. ಇಬ್ಬರೂ ಎರಡೆರಡು ಸಲ ನೋಡಿದರು. ಅಜ್ಜ ಒಳಗಿನಿಂದ ಹಳೇ ಬಾಟಲಿ ತಂದು ಇನ್ನೊಂದು ಗ್ಲಾಸ್ ಸುರಿದರು. ಅದರ ಒಗರು ಎಷ್ಟೋ ಇಳಿದಿತ್ತು, ಹಿತವಾಗಿತ್ತು. ಆ ಗ್ಲಾಸಿಗೆ ದುಡ್ಡು ಬೇಡ ಎಂದರು. ನಾವು ಕೊಂಡ ಬಾಟಲಿಗೆ ಮಾತ್ರ ಒಂದು ಯೂರೋ ಕೂಡ ಬಿಡಲಿಲ್ಲ.