ಹೊಸ ನರ್ಸ್ ಮೊದಲು ಯಾವ ಕೋರ್ಸ್ ಮಾಡಬೇಕು?

ಕೆಲಸಕ್ಕೆ ಸೇರಿ ಆರು ತಿಂಗಳೂ ತುಂಬದ ನರ್ಸ್‌ಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಸಿಸ್ಟರ್, ಮುಂದೆ ಬರಬೇಕಾದರೆ ಈಗ ಯಾವ ಕೋರ್ಸ್ ಮಾಡಲಿ?’ ಹೃದಯ ನಿಂತ ರೋಗಿಯ ಎದೆಯೊತ್ತಿ ಜೀವ ಉಳಿಸಲು ಕಲಿಸುವ ಬಿಎಲ್ಎಸ್ ತರಬೇತಿಯನ್ನು ತಡಮಾಡದೆ ಮುಗಿಸಿ. ಉಳಿದ ಕೋರ್ಸ್‌ಗಳು ಎರಡು ವರ್ಷ ಕಾಯಲಿ ಎಂಬುದು ನನ್ನ ಉತ್ತರ. ಆ ಎರಡು ವರ್ಷ ವಾರ್ಡೇ ನಿಮ್ಮ ಪಾಠಶಾಲೆ.

ಉಸಿರಾಟದ ಎಣಿಕೆಯನ್ನೇ ನೋಡಿ. ನಾಡಿಯನ್ನೂ ರಕ್ತದೊತ್ತಡವನ್ನೂ ಯಂತ್ರ ತೋರಿಸುತ್ತದೆ. ಉಸಿರನ್ನು ಮಾತ್ರ ಎಷ್ಟೋ ವಾರ್ಡ್‌ಗಳಲ್ಲಿ ನಾವೇ ಎಣಿಸಬೇಕು. ಗಡಿಬಿಡಿಯ ಪಾಳಿಯಲ್ಲಿ ಎಲ್ಲರ ಚಾರ್ಟಿನಲ್ಲೂ 18 ಎಂದು ಬರೆದುಬಿಡುವ ಅಭ್ಯಾಸವನ್ನು ನಾನು ಬಹಳ ಕಂಡಿದ್ದೇನೆ, ಮೊದಲ ತಿಂಗಳುಗಳಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ. ಒಂದು ರಾತ್ರಿ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾಗಿದ್ದ ರೋಗಿಯೊಬ್ಬರು ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿರುವುದನ್ನು ಗಮನಿಸಿ, ಪೂರ್ತಿ ಒಂದು ನಿಮಿಷ ಎದೆಯ ಏರಿಳಿತವನ್ನು ಎಣಿಸಿದೆ: 28. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಹೊರತಂದ, ರೋಗಿಗೆ ಅಪಾಯ ಹೆಚ್ಚಿದಷ್ಟೂ ಅಂಕ ಹೆಚ್ಚುವ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ವಯಸ್ಕರ ಉಸಿರು 12ರಿಂದ 20ರೊಳಗಿದ್ದರೆ ಸೊನ್ನೆ, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಒಂದು ಅಂಶಕ್ಕೇ ಗರಿಷ್ಠವಾದ 3 ಅಂಕ. ಆಗ ನನಗೆ ಆ ಲೆಕ್ಕ ಗೊತ್ತಿರಲಿಲ್ಲ. ವೈದ್ಯರಿಗೆ ಫೋನ್ ಮಾಡಿ ‘ಯಾಕೋ ರೋಗಿ ಸರಿಯಿಲ್ಲ ಡಾಕ್ಟರ್’ ಎಂದಷ್ಟೇ ಹೇಳಿದೆ. ಬೆಳಿಗ್ಗೆ ನೋಡೋಣ ಎಂಬ ಉತ್ತರ ಬಂತು.

ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಮತ್ತೆ ಫೋನ್ ಮಾಡಿಸಿದರು. ಈಗ ಆಗುತ್ತಿರುವುದೇನು, ರೋಗಿಯ ಹಿನ್ನೆಲೆಯೇನು, ನನಗೆ ಏನನ್ನಿಸುತ್ತಿದೆ, ವೈದ್ಯರಿಂದ ಏನಾಗಬೇಕು ಎಂಬ ಕ್ರಮದಲ್ಲಿ ಹೇಳಲು ಸೂಚಿಸಿದರು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ಈ ಕ್ರಮಕ್ಕೆ ಎಸ್‌ಬಿಎಆರ್ ಎಂಬ ಹೆಸರಿದೆ. ‘ಉಸಿರು 28 ಇದೆ, ಸಂಜೆಯವರೆಗೂ ಚೆನ್ನಾಗಿದ್ದರು, ಶ್ವಾಸಕೋಶದ ತೊಂದರೆಯೆಂದು ಅನುಮಾನ, ದಯವಿಟ್ಟು ಈಗಲೇ ಬಂದು ನೋಡಿ’ ಎಂದ ಮೇಲೆ ವೈದ್ಯರು ಕೂಡಲೇ ಬಂದರು. ಇದನ್ನು ನನಗೆ ಯಾವ ತರಗತಿಯೂ ಇಷ್ಟು ಗಟ್ಟಿಯಾಗಿ ಕಲಿಸಿರಲಿಲ್ಲ.

ಪರಿಣತಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆಂದು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲೇ ಬರೆದರು. ಹೊಸಬರಿಂದ ಪರಿಣತರವರೆಗೆ ಅವರು ಗುರುತಿಸಿದ ಐದು ಹಂತಗಳಲ್ಲಿ ನಡುವಿನ ‘ಸಮರ್ಥ’ ಹಂತ ತಲುಪಲು ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಬೇಕಾಗುತ್ತದೆ. ಅನುಭವಿ ನರ್ಸ್ ಕೂಡ ಪರಿಚಯವಿಲ್ಲದ ವಿಭಾಗಕ್ಕೆ ಹೋದರೆ ಮತ್ತೆ ಹೊಸಬರೇ. ಆದ್ದರಿಂದ ವಾರ್ಡ್ ಬದಲಾದಾಗ ಕೈ ನಡುಗಿದರೆ, ನಾನು ಈ ಕೆಲಸಕ್ಕೆ ತಕ್ಕವಳಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ.

ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿರಲಿ. ಪ್ರತಿ ಪಾಳಿಯಲ್ಲೂ ಅರ್ಥವಾಗದ ಒಂದು ವಿಷಯವನ್ನು, ರೋಗಿಯ ಹೆಸರಾಗಲಿ ಹಾಸಿಗೆ ಸಂಖ್ಯೆಯಾಗಲಿ ಇಲ್ಲದೆ, ಅದರಲ್ಲಿ ಬರೆದುಕೊಂಡು ಮರುದಿನದೊಳಗೆ ಉತ್ತರ ಹುಡುಕಿ. ಕೆಲವು ತಿಂಗಳಾದ ಮೇಲೆ ಪ್ರಶ್ನೆಗಳು ಒಂದೇ ಕಡೆಗೆ ವಾಲತೊಡಗುತ್ತವೆ. ನನ್ನ ಪುಸ್ತಕದ ಪುಟಗಳೆಲ್ಲ ಉಸಿರಾಟ ಮತ್ತು ವೆಂಟಿಲೇಟರ್‌ಗಳದ್ದೇ ಆದ ವರ್ಷ ನಾನು ತೀವ್ರ ನಿಗಾ ಘಟಕದ ತರಬೇತಿಗೆ ಅರ್ಜಿ ಹಾಕಿದೆ.