ಚರ್ಚ್‌ನ ಸ್ಕೌಟ್ ದಳದಲ್ಲಿ ಸಹಾಯಕ ಸ್ಕೌಟ್‌ಮಾಸ್ಟರ್: 2024–25ರ ಕೆಲಸದ ದಾಖಲೆ

ಸೆಪ್ಟೆಂಬರ್ 2024

ಅಮೆರಿಕದಲ್ಲಿ ನಾವಿರುವ ಊರಿನ ಯುನೈಟೆಡ್ ಮೆಥಡಿಸ್ಟ್ ಚರ್ಚ್ ತನ್ನ ಆಶ್ರಯದಲ್ಲಿ ಇರಿಸಿಕೊಂಡು ಬಂದಿರುವ ಹುಡುಗರ ಸ್ಕೌಟ್ ದಳಕ್ಕೆ ನಾನು ಸಹಾಯಕ ಸ್ಕೌಟ್‌ಮಾಸ್ಟರ್. ಸಂಬಳವಿಲ್ಲದ ಈ ಹುದ್ದೆಗೆ ಪಾಲಕರನ್ನು ಕರೆಯುವವರು ‘ವಾರಕ್ಕೆ ಒಂದೇ ಗಂಟೆಯ ಕೆಲಸ’ ಎಂದು ಹೇಳಿಯೇ ಕರೆಯುತ್ತಾರೆ. ಇದು ಇಲ್ಲಿನ ಸ್ಕೌಟ್ ಹಿರಿಯರ ನಡುವೆ ಬಹುಕಾಲದಿಂದ ಓಡಾಡುತ್ತಿರುವ ನಗೆಮಾತು. ಈ ವರ್ಷ ನಾವು ಕೈಗೆತ್ತಿಕೊಂಡಿರುವುದು ಒಂದೇ ಕೆಲಸ: ಕೋವಿಡ್ ಕಾಲದ ನಂತರ ದೊಡ್ಡವರ ಕೈಗೆ ಬಂದು ಅಲ್ಲಿಯೇ ಉಳಿದುಬಿಟ್ಟಿದ್ದ ದಳದ ಆಡಳಿತವನ್ನು ಹುಡುಗರ ಸಣ್ಣ ಗುಂಪುಗಳಾದ ತುಕಡಿಗಳಿಗೆ ಮರಳಿಸುವುದು.

ತುಕಡಿ ಎನ್ನುವುದು ಸ್ಕೌಟಿಂಗ್‌ಗೆ ಆಮೇಲೆ ಸೇರಿಸಿದ ಅಲಂಕಾರವಲ್ಲ. 1907ರ ಆಗಸ್ಟ್‌ನಲ್ಲಿ ಸ್ಕೌಟಿಂಗ್‌ನ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಪ್ರಾಯೋಗಿಕ ಶಿಬಿರ ನಡೆಸಿದಾಗಲೇ ಹುಡುಗರನ್ನು ತೋಳ, ಗೂಳಿ ಮುಂತಾದ ಹೆಸರುಗಳ ನಾಲ್ಕು ತುಕಡಿಗಳಾಗಿ ವಿಂಗಡಿಸಿ, ಪ್ರತಿಯೊಂದರ ಹೊಣೆಯನ್ನೂ ಒಬ್ಬ ಹುಡುಗನಿಗೆ ಒಪ್ಪಿಸಿದ್ದರು. ಅಮೆರಿಕದ ಸಂಸ್ಥೆ ನೋಂದಣಿಯಾದದ್ದು 1910ರ ಫೆಬ್ರವರಿ 8ರಂದು, ಅದಕ್ಕೂ ನಂತರ. ನಮ್ಮಲ್ಲಿ ಮಾತ್ರ ತುಕಡಿಯ ಹೆಸರು ಅಂಗಿಯ ತೋಳಿನ ಮೇಲಿನ ಬಿಲ್ಲೆಯಲ್ಲಷ್ಟೇ ಉಳಿದಿತ್ತು. ಅಡುಗೆಯ ಪಟ್ಟಿ ತಯಾರಿಸುತ್ತಿದ್ದವರು, ಸಾಮಾನು ತರುತ್ತಿದ್ದವರು, ಯಾರು ಯಾವ ಡೇರೆಯಲ್ಲಿ ಮಲಗಬೇಕೆಂದು ಗೊತ್ತುಮಾಡುತ್ತಿದ್ದವರು ಎಲ್ಲರೂ ಪಾಲಕರೇ.

ಕೆಲಸ ಶುರುವಾದದ್ದು ಹುಡುಗರಿಂದಲ್ಲ, ದೊಡ್ಡವರ ಕಾಗದಪತ್ರಗಳಿಂದ. 2018ರ ಅಕ್ಟೋಬರ್‌ನಿಂದ ಸ್ಕೌಟಿಂಗ್‌ನ ಪ್ರತಿ ಕಾರ್ಯಕ್ರಮದಲ್ಲೂ, ವಾರದ ಸಭೆಯಲ್ಲಿಯೂ ಸಹ, 21 ವರ್ಷ ತುಂಬಿದ ಇಬ್ಬರು ನೋಂದಾಯಿತ ಹಿರಿಯರು ಹಾಜರಿರಲೇಬೇಕು. ಒಬ್ಬ ಹಿರಿಯ ಮತ್ತು ಒಬ್ಬ ಹುಡುಗ ಇಬ್ಬರೇ ಇರುವ ಸಂದರ್ಭ ಎಲ್ಲಿಯೂ ಬರಕೂಡದು, ಹುಡುಗನಿಗೆ ಕಳುಹಿಸುವ ಸಂದೇಶದಲ್ಲಿ ಇನ್ನೊಬ್ಬ ಹಿರಿಯರನ್ನೂ ಸೇರಿಸಿಕೊಂಡಿರಬೇಕು. 2023ರ ಸೆಪ್ಟೆಂಬರ್‌ನಿಂದ ರಾತ್ರಿ ತಂಗುವ ಶಿಬಿರಕ್ಕೆ ಬರುವ ಯಾವ ಪಾಲಕರಾದರೂ ಮೊದಲು ನೋಂದಣಿ ಮಾಡಿಸಿ, ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಿ, ಹಿನ್ನೆಲೆ ಪರಿಶೀಲನೆಗೆ ಒಪ್ಪಬೇಕಾಗಿದೆ. ಇಷ್ಟೊಂದು ಕಟ್ಟುಪಾಡಿನ ನಡುವೆ ಹುಡುಗರು ತಾವಾಗಿ ಏನು ನಡೆಸಲು ಸಾಧ್ಯ ಎಂದು ದಳದ ಹಿರಿಯರ ಸಮಿತಿಯ ಸಭೆಯಲ್ಲಿ ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನನ್ನ ಅಭಿಪ್ರಾಯ ಮಾತ್ರ ಬೇರೆ: ಈ ನಿಯಮಗಳು ಹಿರಿಯನು ಎಲ್ಲಿ ನಿಂತಿರಬೇಕು ಎಂಬುದನ್ನು ಹೇಳುತ್ತವೆ, ಅಡುಗೆಗೆ ಏನು ಮಾಡಬೇಕೆಂಬುದನ್ನು ಹೇಳುವುದಿಲ್ಲ. ಕಣ್ಣಳತೆಯಲ್ಲಿ ಇರುವುದೂ ನಿರ್ಧಾರದಲ್ಲಿ ತಲೆಹಾಕುವುದೂ ಎರಡು ಬೇರೆ ಕೆಲಸಗಳು ಎಂಬುದನ್ನು ವರ್ಷದ ಕೊನೆಯೊಳಗೆ ಸಮಿತಿಗೆ ತೋರಿಸಬೇಕೆಂದು ಸ್ಕೌಟ್‌ಮಾಸ್ಟರ್ ಮತ್ತು ನಾನು ಮಾತಾಡಿಕೊಂಡಿದ್ದೇವೆ.

ಅಕ್ಟೋಬರ್

ಚುನಾವಣೆ ನಡೆಯಿತು. ಹುಡುಗರು ಇಡೀ ದಳಕ್ಕೆ ಒಬ್ಬ ಹಿರಿಯ ನಾಯಕನನ್ನೂ ಮೂರು ತುಕಡಿಗಳಿಗೆ ತಲಾ ಒಬ್ಬ ನಾಯಕನನ್ನೂ ಆರಿಸಿಕೊಂಡರು. ಇನ್ನು ಮುಂದೆ ತಿಂಗಳಿಗೊಮ್ಮೆ ಈ ನಾಯಕರ ಮಂಡಳಿಯೇ ಸೇರಿ ಮುಂದಿನ ಕಾರ್ಯಕ್ರಮವನ್ನು ಗೊತ್ತುಮಾಡುತ್ತದೆ, ವಾರದ ಸಭೆಯನ್ನು ಹಿರಿಯ ನಾಯಕನೇ ನಡೆಸುತ್ತಾನೆ. ಸ್ಕೌಟ್‌ಮಾಸ್ಟರ್‌ಗೆ ಸಭೆಯ ಕೊನೆಯಲ್ಲಿ ಕೆಲವು ನಿಮಿಷಗಳ ಮಾತು ಮೀಸಲು. ಮೊದಲ ಸಭೆಯಲ್ಲಿ ಗದ್ದಲವೇ ಹೆಚ್ಚಾಗಿತ್ತು. ಹಿಂದಿನ ಗೋಡೆಗೊರಗಿ ಕುಳಿತಿದ್ದ ನಮಗೆ ಎದ್ದು ಹೋಗಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಬೇಕೆಂದು ಅನ್ನಿಸುತ್ತಲೇ ಇತ್ತು. ಯಾರೂ ಏಳಲಿಲ್ಲ.

ತಿಂಗಳ ಕೊನೆಯ ಶಿಬಿರಕ್ಕೆ ಅಡುಗೆಯ ಪಟ್ಟಿಯನ್ನು ತುಕಡಿಗಳೇ ಬರೆದವು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ದಾಖಲಿಸಬೇಕು, ಏಕೆಂದರೆ ತುಕಡಿ ಎಂಬುದು ನಿಜವಾಗಿ ಕಟ್ಟಿಕೊಳ್ಳುವುದು ಒಲೆಯ ಮುಂದೆಯೇ. ಸ್ಕೌಟ್‌ಗಳು ಹಂತಹಂತವಾಗಿ ಏರುವ ದರ್ಜೆಗಳಲ್ಲಿ ಒಂದಾದ ಫಸ್ಟ್ ಕ್ಲಾಸ್‌ಗೆ ಬೇಕಾದ ಅರ್ಹತೆಗಳಲ್ಲಿ ಒಂದು ಹೀಗಿದೆ: ಒಂದು ಶಿಬಿರಕ್ಕೆ ಬೆಳಗಿನ, ಮಧ್ಯಾಹ್ನದ ಮತ್ತು ರಾತ್ರಿಯ ಊಟದ ಯೋಜನೆ ಮಾಡಿ, ಸಾಮಾನಿನ ಪ್ರಮಾಣವನ್ನೂ ಖರ್ಚನ್ನೂ ಲೆಕ್ಕ ಹಾಕಿ, ಮುಖ್ಯ ಅಡುಗೆಯವನಾಗಿ ನಿಂತು ತನ್ನ ತುಕಡಿಗೆ ಬಡಿಸಬೇಕು. ಒಂದು ತುಕಡಿಯಲ್ಲಿ ನನ್ನ ಮಗನೂ ಸೇರಿದಂತೆ ಇಬ್ಬರು ಸಸ್ಯಾಹಾರಿಗಳು. ಹಿಂದೆಲ್ಲ ಇವರಿಗಾಗಿ ಯಾರೋ ಪಾಲಕರು ಪ್ರತ್ಯೇಕ ಡಬ್ಬಿ ತರುತ್ತಿದ್ದರು. ಈ ಸಲ ಹನ್ನೆರಡು ವರ್ಷದ ಅಡುಗೆ ಮುಖ್ಯಸ್ಥ ಎರಡು ಪಾತ್ರೆ, ಎರಡು ಸೌಟು ಬೇರೆ ಇಡುವುದೋ, ಅಥವಾ ಎಲ್ಲರಿಗೂ ಹುರುಳಿಕಾಯಿಯ ಜಾತಿಯ ಕಾಳುಗಳ ಚಿಲಿ ಎಂಬ ಖಾರದ ಸಾರನ್ನೇ ಮಾಡಿ ಮಾಂಸವನ್ನು ಬೇಕಾದವರಿಗೆ ಪಕ್ಕದಲ್ಲಿ ಬೇಯಿಸುವುದೋ ಎಂದು ತುಕಡಿಯ ಮುಂದೆ ಇಟ್ಟ. ಅವರು ಎರಡನೆಯದನ್ನು ಆರಿಸಿಕೊಂಡರು. ತೊಳೆಯಬೇಕಾದ ಪಾತ್ರೆಗಳು ಕಡಿಮೆಯಾಗುತ್ತವೆ ಎಂಬುದೇ ಅವರಿಗೆ ಮುಖ್ಯ ಕಾರಣವಾಗಿತ್ತು, ಸಹಬಾಳ್ವೆಯ ವಿಚಾರ ಯಾರ ಬಾಯಲ್ಲಿಯೂ ಬರಲಿಲ್ಲ.

ಶಿಬಿರದಲ್ಲಿ ಹಿರಿಯರು ತಮ್ಮ ಅಡುಗೆಯನ್ನು ಬೇರೆ ಕಡೆ, ಹುಡುಗರು ಕಾಣುವಷ್ಟು ಹತ್ತಿರದಲ್ಲಿ ಆದರೆ ಕರೆದರೆ ಮಾತ್ರ ಕೇಳಿಸುವಷ್ಟು ದೂರದಲ್ಲಿ ಮಾಡಿಕೊಂಡೆವು. ಒಂದು ತುಕಡಿಯ ಬೆಳಗಿನ ಪ್ಯಾನ್‌ಕೇಕ್ ತಟ್ಟೆಗೆ ಬರುವ ಹೊತ್ತಿಗೆ ಉಳಿದವರು ಪಾತ್ರೆ ತೊಳೆದು ಮುಗಿಸಿದ್ದರು. ಗ್ಯಾಸ್ ಸ್ಟವ್ ಹಚ್ಚುವಾಗ, ಹಸಿ ಮಾಂಸವನ್ನು ಐಸ್ ಪೆಟ್ಟಿಗೆಯಿಂದ ತೆಗೆಯುವಾಗ ನಮ್ಮಲ್ಲಿ ಒಬ್ಬರು ಹತ್ತಿರ ಹೋಗಿ ನಿಂತೆವು. ತಡವಾದ ಪ್ಯಾನ್‌ಕೇಕ್‌ನ ಬಳಿ ಯಾರೂ ಸುಳಿಯಲಿಲ್ಲ. ಅಪಾಯವಿರುವಲ್ಲಿ ಹತ್ತಿರ, ಅನನುಕೂಲವಷ್ಟೇ ಇರುವಲ್ಲಿ ದೂರ ಎಂಬ ಈ ಲೆಕ್ಕವನ್ನು ಅಂದಿನಿಂದ ಎಲ್ಲ ಹಿರಿಯರಿಗೂ ಮೊದಲೇ ತಿಳಿಸುತ್ತಿದ್ದೇವೆ. ಪಾತ್ರೆ ತೊಳೆಯುವ ಮೂರು ತೊಟ್ಟಿಗಳ ಕ್ರಮವನ್ನು, ಅಂದರೆ ಸೋಪಿನ ಬಿಸಿನೀರು, ಬರಿಯ ಬಿಸಿನೀರು, ಕೊನೆಗೆ ಕ್ರಿಮಿನಾಶಕ ಬೆರೆಸಿದ ತಣ್ಣೀರು, ಹುಡುಗರು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಮೂರನೆಯ ತೊಟ್ಟಿಯನ್ನು ತಪ್ಪಿಸಲು ನಡೆದ ಪ್ರಯತ್ನಗಳಿಗೆ ಲೆಕ್ಕವಿಲ್ಲ.

ಡೇರೆಗಳ ಹಂಚಿಕೆಯನ್ನೂ ನಾಯಕರೇ ಮಾಡಿದರು. ಒಂದೇ ಡೇರೆಯಲ್ಲಿ ಮಲಗುವ ಹುಡುಗರ ವಯಸ್ಸಿನ ಅಂತರ ಎರಡು ವರ್ಷ ಮೀರಬಾರದು, ಹಿರಿಯರ ಡೇರೆಗಳು ಬೇರೆಯಾಗಿರಬೇಕು ಎಂಬ ಎರಡು ನಿಯಮಗಳನ್ನು ಮೊದಲೇ ಅವರ ಕೈಗೆ ಬರೆದುಕೊಟ್ಟೆವು. ಅಷ್ಟರಲ್ಲಿಯೇ ಹಂಚಿಕೆ ಅರ್ಧ ತಾನಾಗಿಯೇ ಆಗಿಹೋಯಿತು.

ನವೆಂಬರ್

ದಳದ ಖರ್ಚಿಗಾಗಿ ಪಾಪ್‌ಕಾರ್ನ್ ಮಾರಾಟ. ಇದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ, ನನ್ನ ಮನೆಯ ಕಪಾಟಿನಲ್ಲಿ ಜಾಗವಿಲ್ಲ ಎಂಬುದೊಂದನ್ನು ಬಿಟ್ಟರೆ. ಮನೆಮನೆಗೆ ಹೋಗಿ ಸಂಗ್ರಹಿಸಿದ ಡಬ್ಬಿ ಆಹಾರವನ್ನು ಚರ್ಚ್‌ನ ಆಹಾರ ಭಂಡಾರಕ್ಕೆ ತಲುಪಿಸಲಾಯಿತು.

ಜನವರಿ 2025

ಚಳಿಗಾಲದ ಶಿಬಿರಕ್ಕೆ ಮೊದಲು ಎರಡು ಸಭೆಗಳನ್ನು ಹಿರಿಯ ಹುಡುಗರು ಕಿರಿಯರಿಗೆ ಪಾಠ ಹೇಳಲು ಮೀಸಲಿಟ್ಟರು. ಡೇರೆಯ ಹಗ್ಗವನ್ನು ಬೇಕಾದಂತೆ ಬಿಗಿಮಾಡುವ ಟಾಟ್‌ಲೈನ್ ಗಂಟು, ಒದ್ದೆಯಾದ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರಿಬಿಡುವುದರಿಂದ ಅದನ್ನು ಧರಿಸಬಾರದೆಂಬ ಎಚ್ಚರಿಕೆ, ದೇಹದ ಉಷ್ಣತೆ ಅಪಾಯಕರವಾಗಿ ಇಳಿಯುತ್ತಿದೆ ಎಂಬುದರ ಮೊದಲ ಲಕ್ಷಣಗಳು, ಇವೇ ಪಾಠಗಳು. ಸ್ಕೌಟಿಂಗ್‌ನಲ್ಲಿ ಕಲಿಸುವ ಕ್ರಮಕ್ಕೆ ನಾಲ್ಕು ಹಂತಗಳಿವೆ: ವಿವರಿಸುವುದು, ಮಾಡಿ ತೋರಿಸುವುದು, ಜೊತೆಗಿದ್ದು ಮಾಡಿಸುವುದು, ಕೊನೆಗೆ ಅವನೇ ಮಾಡುವಂತೆ ಬಿಡುವುದು. ಹುಡುಗರು ಎರಡನೆಯ ಹಂತದಲ್ಲಿಯೇ ನಿಲ್ಲಲು ಇಷ್ಟಪಡುತ್ತಾರೆ, ಏಕೆಂದರೆ ಅಲ್ಲಿ ನೋಡುವವರು ಇರುತ್ತಾರೆ. ದೊಡ್ಡವರೂ ಅಷ್ಟೆ.

ಚಾಕು ಮತ್ತು ಕೊಡಲಿ ಬಳಸುವ ಅನುಮತಿಯ ಚೀಟಿಯನ್ನು ಕಿರಿಯರಿಗೆ ಕೊಡುವ ಹೊಣೆಯನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಪಾಠ ಹೇಳಿದವನು ಹುಡುಗನೇ. ಸುತ್ತಲೂ ತೋಳಿನ ಅಳತೆಗೆ ಉಪಕರಣದ ಉದ್ದವನ್ನೂ ಸೇರಿಸಿ ಜಾಗ ಖಾಲಿ ಇದೆಯೇ ಎಂದು ಪ್ರತಿಯೊಬ್ಬನೂ ಅಳೆದು ನೋಡಿದ ಮೇಲೆ ಸಹಿ ಹಾಕಿದವನು ನಾನು. ಇದು ಅಪಾಯವಿರುವಲ್ಲಿ ಹತ್ತಿರ ಎಂಬ ಅದೇ ಲೆಕ್ಕ.

ಫೆಬ್ರವರಿ

ಈ ತಿಂಗಳು ಚರ್ಚ್‌ನ ವಿಚಾರ. ಫೆಬ್ರವರಿ 8ರಂದು, ಸ್ಥಾಪನೆಯ 115ನೆಯ ವಾರ್ಷಿಕ ದಿನ, ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂಬ ಹೆಸರು ಸ್ಕೌಟಿಂಗ್ ಅಮೆರಿಕ ಎಂದು ಬದಲಾಯಿತು. 2019ರಿಂದಲೇ ಹುಡುಗಿಯರಿಗೂ ದಳಗಳು ಇರುವುದರಿಂದ ಹೆಸರು ಈಗ ಆ ಸ್ಥಿತಿಗೆ ಹೊಂದಿಕೊಂಡಂತಾಗಿದೆ. ನಮ್ಮದು ಹುಡುಗರ ದಳವಾಗಿಯೇ ಮುಂದುವರಿಯುತ್ತದೆ. ಮರುದಿನ ಚರ್ಚ್‌ನಲ್ಲಿ ಸ್ಕೌಟ್ ಭಾನುವಾರ. ಹುಡುಗರು ಸಮವಸ್ತ್ರದಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸಿದರು, ಧ್ವಜ ಹಿಡಿದು ನಡೆದರು, ಪ್ರಾರ್ಥನೆಯ ನಂತರ ಕಾಫಿ ಹಂಚಿದರು.

ಹಿಂದೂ ಆದ ನಾನು ಚರ್ಚ್‌ನ ದಳದಲ್ಲಿ ಏಕೆ ಇದ್ದೇನೆ ಎಂದು ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರ ಕುರಿತಾದ ಕರ್ತವ್ಯವಿದೆ, ನಿಯಮದ ಹನ್ನೆರಡನೆಯ ಅಂಶ ಭಕ್ತಿ; ಆದರೆ ಯಾವ ದೇವರು, ಯಾವ ಪೂಜೆ ಎಂಬುದನ್ನು ಮನೆಗೂ ಅವರವರ ಧರ್ಮಕ್ಕೂ ಬಿಡಲಾಗಿದೆ. ಚರ್ಚ್ ಆಶ್ರಯ ಕೊಟ್ಟಿದೆ ಎಂಬ ಕಾರಣಕ್ಕೆ ಬೇರೆ ಮತದ ಹುಡುಗ ಆ ಚರ್ಚ್‌ನ ವಿಶಿಷ್ಟ ವಿಧಿಗಳಲ್ಲಿ ಭಾಗವಹಿಸಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಸಂಸ್ಥೆಯ ನಿಯಮವೇ ಹೇಳುತ್ತದೆ. ಹಿಂದೂ ಹುಡುಗರಿಗೆ ಚಿಕ್ಕವರಿದ್ದಾಗ ‘ಧರ್ಮ’, ದೊಡ್ಡವರಾದ ಮೇಲೆ ‘ಕರ್ಮ’ ಎಂಬ ಧಾರ್ಮಿಕ ಪದಕಗಳಿವೆ. ನನ್ನ ಮಗ ಎರಡನೆಯದಕ್ಕೆ ಓದುತ್ತಿದ್ದಾನೆ. ಅಂದು ಅವನು ಧ್ವಜ ಹಿಡಿದ, ಪವಿತ್ರ ಭೋಜನದ ಸರದಿಯಲ್ಲಿ ನಿಲ್ಲಲಿಲ್ಲ; ಎರಡನ್ನೂ ಅಲ್ಲಿದ್ದವರು ಸಹಜವಾಗಿಯೇ ತೆಗೆದುಕೊಂಡರು.

ಆಶ್ರಯ ಎಂದರೆ ಬರಿಯ ಸಭೆ ನಡೆಸಲು ಕೊಡುವ ನೆಲಮಾಳಿಗೆಯ ಬೀಗದ ಕೈ ಎಂದು ನಾನೂ ತಿಳಿದಿದ್ದ ಕಾಲವಿತ್ತು. ಹಳೆಯ ಪದ್ಧತಿಯಲ್ಲಿ ದಳ ಚರ್ಚ್‌ನದೇ ಆಗಿತ್ತು. ಹಿರಿಯರ ನೇಮಕಕ್ಕೆ ಚರ್ಚ್‌ನ ಪ್ರತಿನಿಧಿಯ ಒಪ್ಪಿಗೆ ಬೇಕಾಗಿತ್ತು, ಡೇರೆಯಿಂದ ಹಿಡಿದು ಬ್ಯಾಂಕ್ ಖಾತೆಯವರೆಗೆ ಎಲ್ಲವೂ ಚರ್ಚ್‌ನ ಹೆಸರಿನಲ್ಲಿ ಇರುತ್ತಿತ್ತು. ಹಾಗಾಗಿಯೇ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಚರ್ಚ್‌ಗಳೂ ಹೊಣೆಗಾರರಾಗಿ ನಿಲ್ಲಬೇಕಾಯಿತು. 2020ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿತನದ ಅರ್ಜಿ ಸಲ್ಲಿಸಿದ ಮೇಲೆ 82,000ಕ್ಕೂ ಹೆಚ್ಚು ದೂರುಗಳು ದಾಖಲಾದವು. ಪರಿಹಾರ ಯೋಜನೆಯ ಮೊತ್ತ 246 ಕೋಟಿ ಡಾಲರ್, ಅದರಲ್ಲಿ ಯುನೈಟೆಡ್ ಮೆಥಡಿಸ್ಟರು ಒಪ್ಪಿಕೊಂಡ ಪಾಲು 3 ಕೋಟಿ ಡಾಲರ್. ಅದಾದ ನಂತರ ಈ ಪಂಥದ ಅನೇಕ ಚರ್ಚ್‌ಗಳು ದಳದ ಒಡೆತನವನ್ನು ಆ ಪ್ರದೇಶದ ದಳಗಳನ್ನು ನೋಡಿಕೊಳ್ಳುವ ಸ್ಥಳೀಯ ಸ್ಕೌಟ್ ಮಂಡಲಿಗೆ ಬಿಟ್ಟು, ತಾವು ಸಹಯೋಗದ ಒಪ್ಪಂದದ ಮೇಲೆ ಜಾಗವನ್ನೂ ಬೆಂಬಲವನ್ನೂ ಕೊಡುವ ವ್ಯವಸ್ಥೆಗೆ ಬಂದವು. ನಮ್ಮ ಚರ್ಚ್ ಕೂಡ ಹಾಗೆಯೇ. ಇಬ್ಬರು ಹಿರಿಯರ ನಿಯಮದ ಬಗ್ಗೆ ಗೊಣಗುವ ಪಾಲಕರಿಗೆ ಈ ಅಂಕಿಗಳನ್ನು ಮೆಲ್ಲಗೆ ಹೇಳುವುದುಂಟು. ಆಮೇಲೆ ಅವರು ಗೊಣಗುವುದಿಲ್ಲ.

ಏಪ್ರಿಲ್

ಎರಡು ಬೆಳವಣಿಗೆಗಳು. ಮೊದಲನೆಯದಾಗಿ, ಅಕ್ಟೋಬರ್‌ನ ಅಡುಗೆ ಮುಖ್ಯಸ್ಥ ಫಸ್ಟ್ ಕ್ಲಾಸ್ ದರ್ಜೆಯ ಪರಿಶೀಲನಾ ಮಂಡಳಿಯ ಮುಂದೆ ಕುಳಿತ. ಸಮಿತಿಯ ಮೂವರಿಗೆ ಕಡಿಮೆಯಿಲ್ಲದ, ಆರು ಮಂದಿ ಮೀರದ ಈ ಮಂಡಳಿಯಲ್ಲಿ ಸ್ಕೌಟ್‌ಮಾಸ್ಟರ್‌ಗಾಗಲಿ ನನಗಾಗಲಿ ಸ್ಥಾನವಿಲ್ಲ. ಗಂಟು ಹಾಕಿಸಿ ಮರುಪರೀಕ್ಷೆ ಮಾಡುವುದೂ ಅದರ ಕೆಲಸವಲ್ಲ. ದಳ ಹೇಗೆ ನಡೆಯುತ್ತಿದೆ ಎಂದು ಹುಡುಗನಿಂದಲೇ ಕೇಳಿ ತಿಳಿಯುವುದಕ್ಕೆ ಸಮಿತಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಸೆಪ್ಟೆಂಬರ್‌ನಲ್ಲಿ ಪ್ರಶ್ನೆ ಎತ್ತಿದ್ದವರೇ ಅಂದು ಮಂಡಳಿಯಲ್ಲಿ ಇದ್ದರು. ಹೊರಗೆ ಬಂದು, ಹುಡುಗ ಇಡೀ ಮಾತಿನಲ್ಲಿ ನಮ್ಮಿಬ್ಬರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ ಎಂದು ತುಸು ಕನಿಕರದಿಂದ ತಿಳಿಸಿದರು. ನಾವು ಅದನ್ನು ವರ್ಷದ ಅತ್ಯುತ್ತಮ ವರದಿಯೆಂದು ಬರೆದಿಟ್ಟುಕೊಂಡಿದ್ದೇವೆ.

ಎರಡನೆಯದು, ಹಿರಿಯ ಹುಡುಗನೊಬ್ಬನ ಈಗಲ್ ಯೋಜನೆ. ಸ್ಕೌಟ್‌ನ ಅತ್ಯುನ್ನತ ದರ್ಜೆಯಾದ ಈಗಲ್‌ಗೆ, ಒಂದೊಂದು ವಿಷಯ ಕಲಿತು ಗಳಿಸುವ 21 ಮೆರಿಟ್ ಬ್ಯಾಡ್ಜ್‌ಗಳ ಜೊತೆಗೆ, ಸ್ಕೌಟಿಂಗ್‌ನ ಹೊರಗಿನ ಒಂದು ಸಂಸ್ಥೆಗೆ ಉಪಯೋಗವಾಗುವ ಸೇವಾ ಯೋಜನೆಯನ್ನು ತಾನೇ ರೂಪಿಸಿ, ಇತರರನ್ನು ಮುನ್ನಡೆಸಿ ಮುಗಿಸಬೇಕು, ಅದೂ ಹದಿನೆಂಟು ತುಂಬುವುದರೊಳಗೆ. ಅವನು ಆರಿಸಿಕೊಂಡದ್ದು ಚರ್ಚ್‌ನ ಆಹಾರ ಭಂಡಾರಕ್ಕೆ ಹೊಸ ಕಪಾಟುಗಳನ್ನು. ಮರ ಕೊಯ್ಯುವ ಮೊದಲೇ ಪ್ರಸ್ತಾವಕ್ಕೆ ಚರ್ಚ್, ಸ್ಕೌಟ್‌ಮಾಸ್ಟರ್, ಸಮಿತಿ, ಸ್ಥಳೀಯ ಸ್ಕೌಟ್ ಮಂಡಲಿ ಎಲ್ಲರ ಸಹಿ ಆಗಿರಬೇಕು. ಆ ಸಹಿಗಳಿಗಾಗಿ ಅಪರಿಚಿತ ಹಿರಿಯರಿಗೆ ಫೋನ್ ಮಾಡಿ, ಭೇಟಿಯ ಸಮಯ ಕೇಳಿ, ಅವರು ಮರೆತಾಗ ಮತ್ತೆ ನೆನಪಿಸುವುದನ್ನು ಅವನು ಕಲಿತದ್ದು ಮೊಳೆ ಹೊಡೆದು ಕಲಿತದ್ದಕ್ಕಿಂತ ಹೆಚ್ಚು ಎಂದು ನನಗೆ ತೋರುತ್ತದೆ.

ಮೇ

ಬೇಸಿಗೆ ಶಿಬಿರದ ಸಿದ್ಧತೆ ನಡೆದಿದೆ. ಈಜು ಪರೀಕ್ಷೆ ಮುಗಿದಿದೆ: ಒಟ್ಟು 100 ಗಜ, ಅದರಲ್ಲಿ 75 ಗಜ ಬಲವಾದ ಹೊಡೆತದಲ್ಲಿ, ಉಳಿದ 25 ಗಜ ಅಂಗಾತ ನಿರಾಯಾಸವಾಗಿ, ಆಮೇಲೆ ನೀರಿನಲ್ಲಿ ತೇಲುವುದು. ಶಿಬಿರ 72 ಗಂಟೆ ಮೀರುವುದರಿಂದ ಪ್ರತಿಯೊಬ್ಬರಿಗೂ, ಹಿರಿಯರಿಗೂ, ವೈದ್ಯರು ಪರೀಕ್ಷಿಸಿ ಸಹಿ ಮಾಡಿದ ಆರೋಗ್ಯ ನಮೂನೆ ಬೇಕು. ಹುಡುಗರದು ಬಹುಪಾಲು ಬಂದಿದೆ, ಬಾಕಿ ಇರುವುದು ಹೆಚ್ಚಾಗಿ ಹಿರಿಯರದೇ.

ಈ ನಡುವೆ ನಾಯಕರ ಮಂಡಳಿ ನಾವು ಎದುರು ನೋಡದಿದ್ದ ನಿರ್ಣಯವೊಂದನ್ನು ಕೈಗೊಂಡಿದೆ. ಶಿಬಿರದ ಭೋಜನಶಾಲೆಯಲ್ಲಿ ಉಣ್ಣುವ ಬದಲು, ಸಾಧ್ಯವಾದರೆ ವಾರವಿಡೀ ತುಕಡಿಗಳೇ ಅಡುಗೆ ಮಾಡಿಕೊಳ್ಳಬೇಕಂತೆ. ಹಾಗೆ ಮಾಡಲು ಶಿಬಿರದ ಕಚೇರಿ ಒಪ್ಪುತ್ತದೆಯೇ, ಸಾಮಾನನ್ನು ಅವರೇ ಒದಗಿಸುತ್ತಾರೆಯೇ ಎಂದು ಕೇಳಿ ದಳದ ಹಿರಿಯ ನಾಯಕ ಪತ್ರ ಬರೆದಿದ್ದಾನೆ. ನಿಯಮದಂತೆ ಅದರ ಪ್ರತಿ ಸ್ಕೌಟ್‌ಮಾಸ್ಟರ್‌ಗೂ ನನಗೂ ಬಂದಿದೆ. ಉತ್ತರ ಇನ್ನೂ ಬಂದಿಲ್ಲ. ಒಪ್ಪಿಗೆ ಸಿಕ್ಕರೆ ಮೂರನೆಯ ತೊಟ್ಟಿಯ ಮೇಲ್ವಿಚಾರಣೆಗೆ ಪ್ರತಿ ಊಟಕ್ಕೂ ಒಬ್ಬನನ್ನು ನೇಮಿಸುವುದಾಗಿ ಪತ್ರದಲ್ಲಿಯೇ ಬರೆದಿದ್ದಾನೆ.